ಆರು ಇಂಚಿನ ದೂರದರ್ಶಕಕ್ಕೆ ಮುಂದಿನ ಐಪೀಸ್ ಯಾವುದು? 4 ಮಿ.ಮೀ. ಕೊಳ್ಳಬಹುದೇ?

ತೋಟದಂಚು (ತೀರ್ಥಹಳ್ಳಿ) · ನವೆಂಬರ್ 14, 2025, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಆರು ಇಂಚಿನ ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ) ತಂದೆ. ಕನ್ನಡಿಯ ವ್ಯಾಸ 150 ಮಿ.ಮೀ., ಸಂಗಮದೂರ 1200 ಮಿ.ಮೀ. ಜೊತೆಗೆ 25 ಮತ್ತು 10 ಮಿ.ಮೀ. ಸಂಗಮದೂರದ ಎರಡು ಐಪೀಸ್ (ಕಣ್ಣಿಟ್ಟು ನೋಡುವ ಮಸೂರದ ಕೊಳವೆ) ಬಂದಿವೆ, ಪ್ಲಾಸ್ಲ್ ಎಂಬ ಬಗೆಯವು. 25ರಲ್ಲಿ ಚಂದ್ರನನ್ನು ನೋಡಿದ ರಾತ್ರಿ ಮನೆಯಲ್ಲಿ ಯಾರೂ ಊಟಕ್ಕೆ ಏಳಲಿಲ್ಲ.

ಶನಿ ಮಾತ್ರ ನಿರಾಸೆ ಮಾಡಿದ. 10ರಲ್ಲಿ 120 ಪಟ್ಟು ದೊಡ್ಡದಾಗಿ ಕಂಡರೂ ಚಿತ್ರಗಳಲ್ಲಿರುವ ಉಂಗುರ ಇಲ್ಲವೇ ಇಲ್ಲ. ಹಳದಿ ಮಣಿಗೆ ಸೂಜಿ ಚುಚ್ಚಿದ ಹಾಗೆ ಆಚೀಚೆ ಒಂದು ಗೆರೆ, ಅಷ್ಟೇ. ಅಪ್ಪನಿಗೆ 74 ವರ್ಷ. ಜೀವಮಾನವಿಡೀ ಪಂಚಾಂಗದಲ್ಲಿ ಶನಿಯ ಸಂಚಾರ ನೋಡಿದವರು. ದಪ್ಪ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಒದ್ದಾಡಿ, ಏನೂ ಕಾಣಲಿಲ್ಲವೆಂದು ಒಳಗೆ ಹೋದರು. ನನಗೆ ಅದೇ ಮನಸ್ಸಿನಲ್ಲಿ ಉಳಿದಿದೆ.

ಗುರುವೂ ಸರಿಯಿಲ್ಲ. ಹತ್ತೂವರೆಯ ಹೊತ್ತಿಗೆ ಪೂರ್ವದಲ್ಲಿ ಮೇಲೇರಿದಾಗ ನೋಡಿದರೆ ನೀರಿನೊಳಗಿನ ನಾಣ್ಯದಂತೆ ಕುಣಿಯುತ್ತಾನೆ. 4 ಮಿ.ಮೀ. ಐಪೀಸ್ ಹಾಕಿದರೆ 300 ಪಟ್ಟು ಆಗುತ್ತದೆ. ಕೈಯಲ್ಲಿ ಎಂಟು ಸಾವಿರ ರೂಪಾಯಿ ಇದೆ. ತರಿಸಬಹುದೇ?

ಕೊಪ್ಪದ ಆಕಾಶ · ರಾತ್ರಿ 10:31

4 ಬೇಡ. 6 ತೆಗೆದುಕೊಳ್ಳಿ, 200 ಪಟ್ಟು ಸಾಕು.

ನಿವೃತ್ತ ಮೇಷ್ಟ್ರು (ಸಾಗರ) · ರಾತ್ರಿ 11:05

ತೋಟದಂಚು ಅವರೇ, ದುಡ್ಡು ಜೇಬಿನಲ್ಲೇ ಇರಲಿ. ನಿಮ್ಮ ಐಪೀಸ್‌ನಲ್ಲಿ ತಪ್ಪಿಲ್ಲ. ನೀವು ಕಂಡ ಸೂಜಿಯೇ ಉಂಗುರ!

ಶನಿ ಸೂರ್ಯನನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಅವನ ಅಕ್ಷ ಓರೆಯಾಗಿರುವುದರಿಂದ ಆ ಅವಧಿಯಲ್ಲಿ ಎರಡು ಸಲ ಉಂಗುರದ ಅಂಚು ನೇರ ನಮ್ಮ ಕಡೆಗೆ ಬರುತ್ತದೆ. ಇದೇ 2025ರ ಮಾರ್ಚ್ 23ರಂದು ಭೂಮಿ ಆ ಉಂಗುರದ ಸಮತಲವನ್ನು ದಾಟಿತು. ನಡುವೆ ಸ್ವಲ್ಪ ತೆರೆದುಕೊಂಡದ್ದು ಈ ತಿಂಗಳು ಮತ್ತೆ ಮುಚ್ಚಿಕೊಂಡು ಒಂದು ಡಿಗ್ರಿಗಿಂತ ಕಡಿಮೆ ಓರೆಗೆ ಬಂದಿದೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅದರ ಅಂಚನ್ನು ನೋಡಿದಂತೆ. 300 ಪಟ್ಟು ಮಾಡಿದರೆ ದಪ್ಪ ಸೂಜಿ ಕಾಣುತ್ತದೆ. ಮುಂದಿನ ವರ್ಷದಿಂದ ಉಂಗುರ ತೆರೆಯುತ್ತಾ ಹೋಗುತ್ತದೆ, 2032ರ ಹೊತ್ತಿಗೆ ಪೂರ್ತಿ ಅರಳಿರುತ್ತದೆ. ಆ ಸೂಜಿ ಹದಿನೈದು ವರ್ಷಕ್ಕೊಮ್ಮೆ ಸಿಗುವ ನೋಟ ಎಂದು ತಂದೆಯವರಿಗೆ ಹೇಳಿ.

ಗುರು ಕುಣಿಯುವುದರ ಬಗ್ಗೆ ಒಂದು ಪ್ರಶ್ನೆ. ದೂರದರ್ಶಕವನ್ನು ಎಲ್ಲಿ ಇಡುತ್ತೀರಿ? ಪೂರ್ವಕ್ಕೆ ಏನಿದೆ?

ತೋಟದಂಚು · ರಾತ್ರಿ 11:18

ಮೇಷ್ಟ್ರೇ, ಇದು ಗೊತ್ತೇ ಇರಲಿಲ್ಲ. ತುಂಬಾ ಹಗುರವಾಯಿತು. ಅಂಗಳದಲ್ಲೇ ಇಡುತ್ತೇನೆ. ಪೂರ್ವಕ್ಕೆ ಅಡಿಕೆ ಬೇಯಿಸುವ ಒಲೆ ಇದೆ. ಈಗ ಕೊಯ್ಲು, ರಾತ್ರಿ ಹನ್ನೊಂದರವರೆಗೂ ಹಂಡೆ ಒಲೆಯ ಮೇಲೆಯೇ ಇರುತ್ತದೆ.

ನಿವೃತ್ತ ಮೇಷ್ಟ್ರು · ರಾತ್ರಿ 11:24

ಸಿಕ್ಕಿತು ನೋಡಿ. ನೀವು ಗುರುವನ್ನು ನೋಡುತ್ತಿರುವುದು ಹಂಡೆಯ ಹಬೆಯ ಮೂಲಕ. ಒಲೆ ಆರಿದ ಮೇಲೆ ನೋಡಿ, ಇಲ್ಲವೇ ಗದ್ದೆಯ ಕಡೆಗೆ ಒಯ್ಯಿರಿ. ಒಳಗಿನಿಂದ ತಂದ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಅರ್ಧ ಮುಕ್ಕಾಲು ಗಂಟೆ ಬಿಡಿ.

ಮಸೂರ (ಭದ್ರಾವತಿ) · ನವೆಂಬರ್ 15, ಬೆಳಿಗ್ಗೆ 7:12

ಮೇಷ್ಟ್ರು ಹೇಳಿದ್ದಕ್ಕೆ ಲೆಕ್ಕವನ್ನೂ ಸೇರಿಸುತ್ತೇನೆ. ದೂರದರ್ಶಕದ ಸಂಗಮದೂರವನ್ನು ಐಪೀಸ್‌ನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ. ಇದು ಎಲ್ಲರಿಗೂ ಗೊತ್ತು. ಆದರೆ ಕನ್ನಡಿಯ ವ್ಯಾಸವನ್ನು ಆ ವರ್ಧನೆಯಿಂದ ಭಾಗಿಸಿ ನೋಡುವವರು ಕಡಿಮೆ. ಐಪೀಸ್‌ನಿಂದ ಹೊರಬರುವ ಬೆಳಕಿನ ಕಂತೆಯ ಅಗಲ ಅದು. 25ರಲ್ಲಿ ಮೂರು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, 10ರಲ್ಲಿ ಒಂದೂಕಾಲು, 4ರಲ್ಲಿ ಬರೀ ಅರ್ಧ. ಕಂತೆ ಅರ್ಧ ಮಿಲಿಮೀಟರಿಗೆ ಇಳಿದಾಗ ಚಿತ್ರ ಮಂಕಾಗುತ್ತದೆ, ನಿಮ್ಮ ಕಣ್ಣಿನೊಳಗಿನ ಧೂಳಿನಂಥ ಎಳೆಗಳು ಗ್ರಹದ ಮೇಲೆ ತೇಲತೊಡಗುತ್ತವೆ.

ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬ ಲೆಕ್ಕದಲ್ಲಿ ನಿಮ್ಮ ಕನ್ನಡಿಯ ಗರಿಷ್ಠ ಮಿತಿ 300. ಅದು ಗಾಳಿ ಕಲ್ಲಿನಂತೆ ನಿಂತ ರಾತ್ರಿಯ ಮಾತು. ಬಹುತೇಕ ರಾತ್ರಿ 150ರಿಂದ 200ರೊಳಗೆ ಗಾಳಿಯೇ ತಡೆಯುತ್ತದೆ.

ಲುಬ್ಧಕ (ಹೊಸನಗರ) · ಬೆಳಿಗ್ಗೆ 7:50

ಈ '150ಕ್ಕಿಂತ ಮೇಲೆ ಹೋಗಬೇಡಿ' ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಣಿವೆಯಲ್ಲಿ ತೆಳುವಾಗಿ ಮಂಜು ಇಳಿಯುವ ರಾತ್ರಿಗಳಿವೆ. ನಕ್ಷತ್ರಗಳು ಮಂಕು, ಎಲ್ಲರೂ ಇವತ್ತು ಆಕಾಶ ಕೆಟ್ಟಿತೆಂದು ಮಲಗುತ್ತಾರೆ. ಆದರೆ ಅಂಥ ರಾತ್ರಿ ಗಾಳಿ ಅಲುಗುವುದಿಲ್ಲ. ನಾನು ಇಂಥದೇ ಆರು ಇಂಚಿನಲ್ಲಿ 240 ಪಟ್ಟಿನಲ್ಲಿ ಗುರುವಿನ ಪಟ್ಟೆಗಳ ಅಂಚು ಹರಿದುಹೋದಂತೆ ಇರುವುದನ್ನು ಕಂಡಿದ್ದೇನೆ. ಗುರುವಿನ ಎದುರು ಒಂದೂವರೆ ಗಂಟೆ ಕುಳಿತರೆ ಅದರಲ್ಲಿ ಹತ್ತು ಕ್ಷಣ ಹಾಗೆ ಸಿಗುತ್ತದೆ. ಆ ಹತ್ತು ಕ್ಷಣಕ್ಕಾಗಿಯೇ ನಾನು ಕೂರುವುದು.

ಮಸೂರ · ಬೆಳಿಗ್ಗೆ 8:03

ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ಮಂಜಿನ ರಾತ್ರಿ ಗ್ರಹಕ್ಕೆ ಒಳ್ಳೆಯದು, ನಿಹಾರಿಕೆಗೆ ಕೆಟ್ಟದ್ದು. ನಾನು ಹೇಳಿದ್ದು ಮೊದಲ ಖರೀದಿಯ ಬಗ್ಗೆ. ವರ್ಷಕ್ಕೆ ಹತ್ತು ರಾತ್ರಿ ಕೆಲಸಕ್ಕೆ ಬರುವ ಐಪೀಸನ್ನು ಮೊದಲು ಕೊಳ್ಳಬೇಡಿ.

ಆರಿದ್ರಾ (ಶಿವಮೊಗ್ಗ) · ಬೆಳಿಗ್ಗೆ 9:40

ವರ್ಧನೆಯ ಜಗಳದಲ್ಲಿ ನೋಟದ ಅಗಲವನ್ನು ಎಲ್ಲರೂ ಮರೆತಿರಿ. ಡಾಬ್ಸೋನಿಯನ್‌ಗೆ ಮೋಟಾರ್ ಇಲ್ಲ, ಕೈಯಿಂದಲೇ ತಳ್ಳಬೇಕು. ಪ್ಲಾಸ್ಲ್ ಐಪೀಸ್‌ನ ನೋಟ ಸುಮಾರು 50 ಡಿಗ್ರಿ. ಅದನ್ನು ವರ್ಧನೆಯಿಂದ ಭಾಗಿಸಿದರೆ ಆಕಾಶದಲ್ಲಿ ನಿಜವಾಗಿ ಎಷ್ಟು ಅಗಲ ಕಾಣುತ್ತದೆ ಎಂದು ತಿಳಿಯುತ್ತದೆ. 300 ಪಟ್ಟಿನಲ್ಲಿ ಒಂದು ಡಿಗ್ರಿಯ ಆರನೇ ಒಂದು ಭಾಗ. ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಲವತ್ತು ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ.

ನಮ್ಮ ತಾರಸಿಯಲ್ಲಿ ಬೀದಿಯ ಮಕ್ಕಳಿಗೆ ಗುರುವನ್ನು ತೋರಿಸಿದ್ದೆ. ಚಿಕ್ಕ ಐಪೀಸ್ ಹಾಕಿ ಗುರಿ ಹಿಡಿದು ನಾನು ಪಕ್ಕಕ್ಕೆ ಸರಿಯುವುದು, ಮಗು ಸ್ಟೂಲ್ ಹತ್ತುವುದು, ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಳ್ಳುವುದು, ಅಷ್ಟರಲ್ಲಿ ಗುರು ಹೊರಟೇ ಹೋಗಿರುತ್ತಿದ್ದ. ನಾಲ್ಕನೆಯ ಮಗು ಕಂಡಿತು ಎಂದು ಸುಳ್ಳು ಹೇಳಿ ಇಳಿದದ್ದು ನನಗೆ ಗೊತ್ತಾಯಿತು. ತಕ್ಷಣ 25 ಹಾಕಿದೆ. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಗುರು ನೋಟದೊಳಗೇ ಇರುತ್ತಾನೆ. ನಾಲ್ಕು ಚಂದ್ರರನ್ನು ಮಕ್ಕಳು ತಾವೇ ಎಣಿಸಿದರು. ಚಿಕ್ಕದಾದರೂ ಎಲ್ಲರೂ ನಿಜವಾಗಿ ಕಂಡರು.

ನಿಮ್ಮ ತಂದೆಯವರ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ಪ್ಲಾಸ್ಲ್‌ನಲ್ಲಿ ಕಣ್ಣನ್ನು ಎಷ್ಟು ದೂರ ಇಡಬಹುದು ಎಂಬುದು ಸಂಗಮದೂರದ ಮುಕ್ಕಾಲು ಪಾಲಿನಷ್ಟು. 10ರಲ್ಲಿ ಏಳು ಮಿ.ಮೀ., 4ರಲ್ಲಿ ಮೂರು. ಕನ್ನಡಕದವರಿಗೆ ಹದಿನೈದಾದರೂ ಬೇಕು. ಅವರು ಒದ್ದಾಡಿದ್ದು ಅದಕ್ಕೇ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂಬ ಕಾಲಂನಲ್ಲಿ ಏನಿದೆ ನೋಡಿ. ಅದು ಫೋಕಸ್ ತಿರುಗಿಸಿದರೂ ಸರಿಹೋಗದ ಕಣ್ಣಿನ ವಕ್ರತೆಯ ದೋಷ. ಅಲ್ಲಿ ಏನೂ ಇಲ್ಲದಿದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು.

ತೋಟದಂಚು · ಬೆಳಿಗ್ಗೆ 10:15

ಅಕ್ಕಾ, ನೋಡಿದೆ. ಬಲಗಣ್ಣಿಗೆ 1.75 ಎಂದಿದೆ.

ಆರಿದ್ರಾ · ಬೆಳಿಗ್ಗೆ 10:22

ಹಾಗಾದರೆ ಕಡಿಮೆ ವರ್ಧನೆಯಲ್ಲಿ ಕನ್ನಡಕ ಬೇಕೇ ಬೇಕು. 10ಕ್ಕಿಂತ ಕೆಳಗೆ ಬೆಳಕಿನ ಕಂತೆ ಸಣ್ಣದಾಗುವುದರಿಂದ ಆ ದೋಷ ಅಷ್ಟಾಗಿ ಕಾಣದು, ಆದರೆ ಚಿಕ್ಕ ಪ್ಲಾಸ್ಲ್‌ಗೆ ಕಣ್ಣು ಅಂಟಿಸಿ ನಿಲ್ಲುವುದು ಆ ವಯಸ್ಸಿನಲ್ಲಿ ಕಷ್ಟ. ಒಂದು 2 ಪಟ್ಟಿನ ಬಾರ್ಲೋ (ಐಪೀಸ್‌ಗೆ ಮುಂದೆ ಜೋಡಿಸಿ ವರ್ಧನೆಯನ್ನು ಇಮ್ಮಡಿ ಮಾಡುವ ಮಸೂರ) ತೆಗೆದುಕೊಳ್ಳಿ. ಇರುವ 25ಕ್ಕೆ ಜೋಡಿಸಿದರೆ 96 ಪಟ್ಟು, ಆದರೆ ಕಣ್ಣಿನ ದೂರ 25ರದ್ದೇ ಉಳಿಯುತ್ತದೆ. ಕನ್ನಡಕ ತೆಗೆಯದೆ ನೋಡಬಹುದು.

ಕೊಪ್ಪದ ಆಕಾಶ · ಬೆಳಿಗ್ಗೆ 10:40

ಬಾರ್ಲೋ ಎಂದರೆ ನಡುವೆ ಇನ್ನಷ್ಟು ಗಾಜು, ಇನ್ನಷ್ಟು ಮಂಕು. ಅದಕ್ಕಿಂತ 8ರಿಂದ 24 ಮಿ.ಮೀ.ವರೆಗೆ ಬದಲಾಯಿಸಬಹುದಾದ ಜೂಮ್ ಐಪೀಸ್ ಒಂದೇ ಕೊಂಡರೆ ಎಲ್ಲವೂ ಮುಗಿಯಿತಲ್ಲ?

ಮಸೂರ · ಬೆಳಿಗ್ಗೆ 11:02

ಈಗಿನ ಲೇಪನಗಳಿರುವ ಬಾರ್ಲೋದಲ್ಲಿ ಮಂಕು ಕಣ್ಣಿಗೆ ಗೊತ್ತಾಗುವಷ್ಟಿರುವುದಿಲ್ಲ. ಜೂಮ್‌ನ ತೊಂದರೆ ಬೇರೆ: ಸಾಮಾನ್ಯ ಜೂಮ್‌ಗಳಲ್ಲಿ 24ರ ತುದಿಗೆ ನೋಟ 40 ಡಿಗ್ರಿಯ ಆಸುಪಾಸಿಗೆ ಕುಗ್ಗುತ್ತದೆ. ವಿಶಾಲ ನೋಟ ಬೇಕಾದಾಗಲೇ ಕೊಳವೆಯೊಳಗೆ ಇಣುಕಿದಂತೆ. ಚಂದ್ರನಿಗೆ ಮಾತ್ರ ಜೂಮ್ ಸೊಗಸು.

ನನ್ನ ಪಟ್ಟಿ ಇದು: 32 ಪ್ಲಾಸ್ಲ್ ಒಂದು, ಬಾರ್ಲೋ ಒಂದು. ಇರುವ 10ರ ಜೊತೆ ಸೇರಿದರೆ 37, 75, 120, 240 ಸಿಗುತ್ತವೆ. 25ಕ್ಕೆ ಬಾರ್ಲೋ ಹಾಕಿದ 96 ಬೇರೆ. ಒಂದೂಕಾಲು ಇಂಚಿನ ಕೊಳವೆಯಲ್ಲಿ ಅತಿ ಅಗಲದ ನೋಟ ಕೊಡುವುದು ಈ 32. 40 ಕೊಂಡರೂ ಅದಕ್ಕಿಂತ ಹೆಚ್ಚು ಆಕಾಶ ಕಾಣದು, ಕೊಳವೆಯ ಗೋಡೆಯೇ ಅಡ್ಡ ಬರುತ್ತದೆ.

ಆರಿದ್ರಾ · ಬೆಳಿಗ್ಗೆ 11:30

32ರ ಬಗ್ಗೆ ಒಂದು ಎಚ್ಚರಿಕೆ. ನನ್ನ ಬಳಿ ಅದು ಇದೆ, ವಿನೋಬನಗರದ ತಾರಸಿಯಲ್ಲಿ ನನಗೆ ಖುಷಿ ಕೊಡಲಿಲ್ಲ. ಕಂತೆ ನಾಲ್ಕು ಮಿ.ಮೀ. ಆದ್ದರಿಂದ ಬೀದಿದೀಪದ ಬೆಳಕೂ ಅಷ್ಟೇ ಧಾರಾಳವಾಗಿ ಒಳಗೆ ಬರುತ್ತದೆ, ಹಿನ್ನೆಲೆ ಬೂದಿಯಾಗುತ್ತದೆ. ಬಿಳಿ ಎಲ್‌ಇಡಿ ದೀಪಗಳು ಬಂದ ಮೇಲೆ ನಮ್ಮ ಬೀದಿಯಿಂದ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಹುಡುಕುವುದೇ ಸಾಹಸ. ಆದರೆ ತೀರ್ಥಹಳ್ಳಿಯ ತೋಟದ ಕತ್ತಲೆಯ ಮಾತೇ ಬೇರೆ. ತೋಟದಂಚು ಅವರೇ, ಮುಂದಿನ ವಾರ ಹೇಗೂ ಆ ಕಡೆ ಬರುವುದಿದೆ. ನನ್ನ 32 ಮತ್ತು ಬಾರ್ಲೋ ಎರಡನ್ನೂ ಕೊಟ್ಟು ಹೋಗುತ್ತೇನೆ. ನೋಡಿ ಆಮೇಲೆ ಕೊಳ್ಳಿ.

ಘಟ್ಟದ ಮಂಜು (ಆಗುಂಬೆ) · ಮಧ್ಯಾಹ್ನ 1:15

ಎಲ್ಲರೂ ಯಾವುದನ್ನು ಕೊಳ್ಳಬೇಕೆಂದು ಹೇಳುತ್ತಿದ್ದೀರಿ. ಕೊಂಡದ್ದನ್ನು ಉಳಿಸಿಕೊಳ್ಳುವುದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಾನು ಕಳೆದುಕೊಂಡಿದ್ದೇನೆ.

ನಮ್ಮಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಲ್ಲಿ ನನ್ನ ಮೂರು ಐಪೀಸ್‌ಗಳನ್ನು ಚರ್ಮದ ಚೀಲಕ್ಕೆ ಹಾಕಿ ಮರದ ಕಪಾಟಿನಲ್ಲಿಟ್ಟೆ. ಅಕ್ಟೋಬರ್‌ನಲ್ಲಿ ತೆಗೆದರೆ ಚೀಲದ ಮೇಲೆ ಹಸಿರು ಬೂಷ್ಟು. ಐಪೀಸ್ ಮೇಲ್ನೋಟಕ್ಕೆ ಶುಭ್ರವಾಗಿಯೇ ಇತ್ತು. ಟಾರ್ಚನ್ನು ಒಂದು ತುದಿಯಿಂದ ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿಯ ಎಳೆಗಳು, ಅಕ್ಕಿಮೊಳಕೆಯ ಬೇರಿನ ಹಾಗೆ ಕವಲೊಡೆದು ಹರಡಿದ್ದವು. ಬಿಚ್ಚಿ ಒರೆಸಿದೆ. ಎಳೆ ಹೋಯಿತು, ಅದರ ಗುರುತು ಲೇಪನದ ಮೇಲೆ ಕೊರೆದಂತೆ ಉಳಿಯಿತು. ಈಗ ಆ ಐಪೀಸ್‌ನಲ್ಲಿ ಚಂದ್ರನ ಸುತ್ತ ಹಾಲು ಚೆಲ್ಲಿದಂತೆ ಕಾಣುತ್ತದೆ.

ಚರ್ಮ, ಬಟ್ಟೆ, ಸ್ಪಂಜು ಯಾವುದೂ ಬೇಡ. ರಬ್ಬರ್ ಅಂಚಿರುವ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್.

ಕೊಪ್ಪದ ಆಕಾಶ · ಮಧ್ಯಾಹ್ನ 1:40

ನಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಮಳೆಗಾಲವಿಡೀ ಬೆಚ್ಚಗಿರುತ್ತದೆ. ಏಲಕ್ಕಿ ಕೆಡದ ಜಾಗದಲ್ಲಿ ಗಾಜು ಕೆಟ್ಟೀತೇ?

ಘಟ್ಟದ ಮಂಜು · ಮಧ್ಯಾಹ್ನ 1:52

ಕೆಡುತ್ತದೆ ಮಾರಾಯರೇ! ಹೊಗೆಯಲ್ಲಿ ಎಣ್ಣೆಯಂಶವಿದೆ, ಅದು ಗಾಜಿನ ಮೇಲೆ ಕೂರುತ್ತದೆ. ಇವತ್ತೇ ಕೆಳಗಿಳಿಸಿ.

ಲುಬ್ಧಕ · ಮಧ್ಯಾಹ್ನ 2:10

ಸಿಲಿಕಾ ಜೆಲ್ ಬದಲು ಅಕ್ಕಿ ಹಾಕಿದರೆ?

ನಿವೃತ್ತ ಮೇಷ್ಟ್ರು · ಮಧ್ಯಾಹ್ನ 2:45

ಅಕ್ಕಿಯ ಹುಡಿ ಬೂಷ್ಟಿಗೇ ಆಹಾರ, ಬೇಡ. ಜೆಲ್‌ನ ಬಣ್ಣ ನೋಡುತ್ತಿರಿ. ನೀಲಿಯದು ತೇವ ಹೀರಿದಾಗ ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೇ ಒಂದು ಹಳೆಯ ತಗಡು ಇಟ್ಟುಕೊಳ್ಳಿ. ಮತ್ತೆ, ರಾತ್ರಿ ಇಬ್ಬನಿಯಲ್ಲಿ ಒದ್ದೆಯಾದ ಐಪೀಸನ್ನು ಹಾಗೆಯೇ ಡಬ್ಬಕ್ಕೆ ಹಾಕಿ ಮುಚ್ಚಬೇಡಿ. ಮನೆಯೊಳಗೆ ತೆರೆದಿಟ್ಟು ಒಣಗಿದ ಮೇಲೆ ಮುಚ್ಚಿ. ನೋಡುವಾಗ ಬಳಸದ ಐಪೀಸ್ ಅಂಗಿಯ ಜೇಬಿನಲ್ಲಿರಲಿ, ಮೈಯ ಬಿಸಿಗೆ ಅದರ ಮೇಲೆ ಇಬ್ಬನಿ ಕೂರುವುದಿಲ್ಲ. ಪಂಚೆಯ ತುದಿಯಿಂದ ಗಾಜು ಒರೆಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಧೂಳು ಊದಬೇಕು.

ಪದಪ್ರಿಯ (ಶಿಕಾರಿಪುರ) · ಸಂಜೆ 5:30

ನಡುವೆ ಬಾಯಿ ಹಾಕುತ್ತಿದ್ದೇನೆ. ಎಲ್ಲರೂ ಐಪೀಸ್ ಎನ್ನುತ್ತಿದ್ದೀರಿ. ಶಾಲೆಯ ಪುಸ್ತಕದಲ್ಲಿ ನೇತ್ರಮಸೂರ ಎಂದು ಓದಿದ್ದೆವಲ್ಲ?

ಮಸೂರ · ಸಂಜೆ 5:48

ಮಸೂರ ಎಂದರೆ ಒಂದೇ ಗಾಜಿನ ಕಲ್ಪನೆ ಬರುತ್ತದೆ. ವಿಯೆನ್ನಾದ ಪ್ಲಾಸ್ಲ್ 1860ರಲ್ಲಿ ಮಾಡಿದ ವಿನ್ಯಾಸದಲ್ಲೇ ನಾಲ್ಕು ಮಸೂರಗಳಿವೆ, ಎರಡೆರಡು ಅಂಟಿಸಿದ ಜೋಡಿ. ಅವನಿಗಿಂತ ಮುಂಚೆ 1849ರ ಕೆಲ್ನರ್‌ನದರಲ್ಲಿ ಮೂರು. ಅದಕ್ಕೇ 'ನೇತ್ರಕ' ಎಂಬ ಪದ ನನಗೆ ಸರಿ ಎನಿಸುತ್ತದೆ.

ಪದಪ್ರಿಯ · ಸಂಜೆ 5:55

ನೇತ್ರಕ ಚೆನ್ನಾಗಿದೆ. ನಾನು ಇನ್ನು ಅದನ್ನೇ ಬರೆಯುತ್ತೇನೆ.

ಕೊಪ್ಪದ ಆಕಾಶ · ರಾತ್ರಿ 8:05

ಅಟ್ಟದಿಂದ ಇಳಿಸಿದೆ. ಘಟ್ಟದ ಮಂಜು ಅವರು ಹೇಳಿದಂತೆ ಜಿಗುಟು ಕೂತಿದೆ. ಅದೇ ಪೆಟ್ಟಿಗೆಯಲ್ಲಿ ಚಿಕ್ಕಪ್ಪನ ಹಳೆಯ ಪುಟ್ಟ ದೂರದರ್ಶಕದ ನೇತ್ರಕಗಳೂ ಸಿಕ್ಕವು. ಅವುಗಳ ಕೊಳವೆ ಸಪೂರ, ನಮ್ಮದಕ್ಕೆ ಕೂರುವುದಿಲ್ಲ. ಜೊತೆಗೆ ಸೂರ್ಯನನ್ನು ನೋಡಲೆಂದು ನೇತ್ರಕಕ್ಕೆ ತಿರುಗಿಸುವ ಕಡು ಹಸಿರು ಗಾಜಿದೆ. ಇದು ನಮ್ಮ ನೇತ್ರಕಕ್ಕೆ ಹೊಂದೀತೇ?

ನಿವೃತ್ತ ಮೇಷ್ಟ್ರು · ರಾತ್ರಿ 8:09

ಆ ಹಸಿರು ಗಾಜನ್ನು ಈಗಲೇ ಸುತ್ತಿಗೆಯಿಂದ ಒಡೆದು ಹೂಳಿಬಿಡಿ. ಮನೆಯ ಮಕ್ಕಳ ಕೈಗೆ ಸಿಗಬಾರದು. ಕನ್ನಡಿ ಸೇರಿಸಿ ತಂದ ಸೂರ್ಯನ ಶಾಖವೆಲ್ಲ ಆ ಗಾಜಿನ ಹತ್ತಿರವೇ ಬಂದು ಬೀಳುತ್ತದೆ, ಅದು ನೋಡುತ್ತಿರುವಾಗಲೇ ಸೀಳಬಹುದು. ಒಂದು ಕ್ಷಣ ಸಾಕು, ಕಣ್ಣು ಹೋಯಿತು. ಸೂರ್ಯನಿಗೆ ಶೋಧಕ (ಫಿಲ್ಟರ್) ಹಾಕುವುದಾದರೆ ದೂರದರ್ಶಕದ ಮುಂದಿನ ಬಾಯಿಗೆ, ಪೂರ್ತಿ ಮುಚ್ಚುವಂಥದ್ದು, ಅದಕ್ಕೆಂದೇ ಮಾಡಿದ್ದು.

ಕೊಪ್ಪದ ಆಕಾಶ · ರಾತ್ರಿ 8:31

ಒಡೆದೆ ಮೇಷ್ಟ್ರೇ.

ಘಟ್ಟದ ಮಂಜು · ರಾತ್ರಿ 9:00

ಒಳ್ಳೆಯದಾಯಿತು. ಅಂದಹಾಗೆ 2020ರ ಜುಲೈಯಲ್ಲಿ ನಿಯೋವೈಸ್ ಧೂಮಕೇತು ಬಂದಾಗ ನಿಮ್ಮಲ್ಲಿ ಯಾರಿಗಾದರೂ ಕಂಡಿತೇ? ನಾನು ತಿಂಗಳಿಡೀ ಸಂಜೆ ಕೊಡೆ ಹಿಡಿದು ಹೊರಗೆ ನಿಂತೆ. ಒಂದು ದಿನವೂ ಮೋಡ ಬಿಡಲಿಲ್ಲ.

ಲುಬ್ಧಕ · ರಾತ್ರಿ 9:12

ಇಲ್ಲ. ಆದರೆ ಅದೇ ವರ್ಷ ಡಿಸೆಂಬರ್ 21ರಂದು ಗುರು ಮತ್ತು ಶನಿ ಒಂದೇ ನೋಟದೊಳಗೆ ಬಂದದ್ದನ್ನು 10ರ ನೇತ್ರಕದಲ್ಲಿ ಕಂಡೆ. ಒಂದು ಡಿಗ್ರಿಯ ಹತ್ತನೇ ಒಂದು ಭಾಗದ ಅಂತರ. ಆಗ ಉಂಗುರವೂ ಚೆನ್ನಾಗಿ ತೆರೆದಿತ್ತು. ನಮಗೆ ಮಳೆಗಾಲ ಕಸಿದುಕೊಂಡದ್ದನ್ನು ಅಕ್ಷಾಂಶ ಕೊಡುತ್ತದೆ ಎನ್ನುವುದನ್ನೂ ಮರೆಯಬೇಡಿ. ಶಿವಮೊಗ್ಗದಿಂದ ಒಮೆಗಾ ಸೆಂಟಾರಿ ಎಂಬ ದೊಡ್ಡ ನಕ್ಷತ್ರಗುಚ್ಛ ದಕ್ಷಿಣದಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಯುರೋಪಿನ ಬಹುಪಾಲು ಜನರಿಗೆ ಅದು ದಿಗಂತದ ಮೇಲೆ ಏಳುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಮಳೆ ಬಂದು ಆಕಾಶ ತೊಳೆದ ರಾತ್ರಿ 25ನ್ನೇ ಹಾಕಿ ನೋಡಿ. ಅರ್ಧ ಡಿಗ್ರಿಗೂ ಮೀರಿದ ಸಕ್ಕರೆಯ ರಾಶಿ.

ಮಸೂರ · ರಾತ್ರಿ 9:40

ತೋಟದಂಚು ಅವರಿಗೆ ಒಂದು ಕೆಲಸ ಕೊಡುತ್ತೇನೆ. ಓರಿಯನ್‌ನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟುವುದು ಆಕಾಶದ ವಿಷುವದ್ವೃತ್ತಕ್ಕೆ ತೀರಾ ಹತ್ತಿರ ಇದೆ. ಅದನ್ನು ನೋಟದ ಅಂಚಿಗೆ ತಂದು ಕೈ ಬಿಡಿ. ನಡುವಿನಿಂದ ಹಾಯ್ದು ಆಚೆ ಅಂಚು ತಲುಪಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಅಳೆದು ನಾಲ್ಕರಿಂದ ಭಾಗಿಸಿ. ಬರುವುದು ನಿಮ್ಮ ನೇತ್ರಕದ ನಿಜವಾದ ನೋಟ, ಡಿಗ್ರಿಯ ಅರವತ್ತನೇ ಭಾಗಗಳ ಲೆಕ್ಕದಲ್ಲಿ. ಜಾಹೀರಾತಿನ ಅಂಕಿಯನ್ನು ನಂಬುವ ಅಗತ್ಯವಿಲ್ಲ.

ತೋಟದಂಚು · ನವೆಂಬರ್ 23, ಬೆಳಿಗ್ಗೆ 6:35

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಆರಿದ್ರಾ ಅಕ್ಕ ಗುರುವಾರ ಬಂದು 32 ಮತ್ತು ಬಾರ್ಲೋ ಕೊಟ್ಟು ಹೋದರು. ನಿನ್ನೆ ರಾತ್ರಿ ದೂರದರ್ಶಕವನ್ನು ಗದ್ದೆಯ ಬದಿಗೆ ಹೊತ್ತೊಯ್ದು ಮುಕ್ಕಾಲು ಗಂಟೆ ಬಿಟ್ಟೆವು.

ಮೊದಲು ಕೃತ್ತಿಕೆ. 25ರಲ್ಲಿ ದೊಡ್ಡ ನಕ್ಷತ್ರಗಳೆಲ್ಲ ಅಂಚಿಗೆ ಒತ್ತಿಕೊಂಡು ಹೇಗೋ ಹಿಡಿಯುತ್ತಿದ್ದವು. 32ರಲ್ಲಿ ಸುತ್ತಲೂ ಕಪ್ಪು ಆಕಾಶ ಇಟ್ಟುಕೊಂಡು ನಡುವೆ ಕೂತಿವೆ. ಮಸೂರ ಅವರೇ, 25ರಲ್ಲಿ ಆ ನಕ್ಷತ್ರ 258 ಸೆಕೆಂಡ್ ತೆಗೆದುಕೊಂಡಿತು. ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ನಿಮ್ಮ ಲೆಕ್ಕಕ್ಕೆ ಸರಿಹೊಂದಿತು.

ಹನ್ನೊಂದೂಮುಕ್ಕಾಲಿಗೆ ಗುರು. ಒಲೆ ಆರಿತ್ತು. 10ರಲ್ಲಿ ಎರಡು ಕಂದು ಪಟ್ಟೆಗಳು ಗೆರೆ ಎಳೆದಷ್ಟು ಸ್ಪಷ್ಟ. ಇದೇ ನೇತ್ರಕವನ್ನು ನಾನು ಬೈದಿದ್ದೆ. ಬಾರ್ಲೋ ಸೇರಿಸಿ 240 ಮಾಡಿದೆ. ದೊಡ್ಡದಾಯಿತು, ಆದರೆ ಮೆತ್ತಗಾಯಿತು. ಲುಬ್ಧಕ ಅವರು ಹೇಳಿದ ಕ್ಷಣಕ್ಕಾಗಿ ಕಾದೆ. ಎರಡು ಸಲ ಒಂದೊಂದು ಉಸಿರಿನಷ್ಟು ಹೊತ್ತು ಬಂದು ಹೋಯಿತು.

ಅಪ್ಪನಿಗೆ 25 ಮತ್ತು ಬಾರ್ಲೋ. ಕನ್ನಡಕ ತೆಗೆಯಲಿಲ್ಲ. ಮೊದಲು ಶನಿಯನ್ನು ತೋರಿಸಿದ್ದೆ, ಮೇಷ್ಟ್ರು ಹೇಳಿದ ತಟ್ಟೆಯ ಮಾತನ್ನೂ ಹೇಳಿದ್ದೆ. ತುಂಬಾ ಹೊತ್ತು ನೋಡಿ "ಗೆರೆ ಕಾಣುತ್ತದೆ" ಎಂದರು. ಆಮೇಲೆ ಕಂಬಳಿ ಹೊದ್ದು ಅಲ್ಲೇ ಕುರ್ಚಿಯಲ್ಲಿ ಗುರು ಮೇಲೇರುವವರೆಗೂ ಕಾದರು. ಮಲಗಲು ಹೋಗುವ ಮುಂಚೆ ಉಂಗುರ ಯಾವ ವರ್ಷ ತೆರೆಯುತ್ತದೆಂದು ಎರಡು ಸಲ ಕೇಳಿದರು.

4 ಮಿ.ಮೀ. ವಿಚಾರ ಬಿಟ್ಟೆ. ಬಾರ್ಲೋ ಮತ್ತು 32 ತರಿಸುತ್ತೇನೆ, ಉಳಿದ ದುಡ್ಡಿನಲ್ಲಿ ರಬ್ಬರ್ ಅಂಚಿನ ಡಬ್ಬ ಮತ್ತು ಜೆಲ್. ಅಕ್ಕಾ, ನಿಮ್ಮದನ್ನು ಯಾವಾಗ ಹಿಂದಿರುಗಿಸಲಿ?

ಆರಿದ್ರಾ · ಬೆಳಿಗ್ಗೆ 7:20

ಅವಸರವಿಲ್ಲ. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಬರುತ್ತೇವೆ, ಆಗ ಒಯ್ಯುತ್ತೇನೆ. ಹೇಗೂ ಚಂದ್ರನಿಲ್ಲದ ರಾತ್ರಿ. ಮೋಡವಿಲ್ಲದಿದ್ದರೆ ನಿಮ್ಮ ಗದ್ದೆಯ ಬದಿಯಲ್ಲೇ ಓರಿಯನ್ ನಿಹಾರಿಕೆ ನೋಡಿಕೊಂಡು ಹೋಗುತ್ತೇವೆ. ಅಪ್ಪನವರ ಕುರ್ಚಿಯ ಪಕ್ಕ ಇನ್ನೆರಡು ಕುರ್ಚಿ ಇಟ್ಟಿರಿ.

ನಿವೃತ್ತ ಮೇಷ್ಟ್ರು · ಬೆಳಿಗ್ಗೆ 7:42

ಮೂರು ಇಡಿ. ಸಾಗರದಿಂದ ನಾನೂ ಬರುತ್ತೇನೆ.